ಕ್ಯಾಮ್–ಕ್ರ್ಯಾಂಕ್ ಟೈಮಿಂಗ್ ಮಾರ್ಕ್ ಕೂಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೈಮಿಂಗ್ ಬೆಲ್ಟ್ ಬದಲಿಸಬೇಕು, ಮಾರ್ಕ್ ಹೇಗೆ ಕೂಡಿಸೋದು ಅಂತ ಕೇಳುವವರು ಜಾಸ್ತಿ. ಗಾಡಿ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಮಾರುತಿ 800 ಬರುತ್ತದೆ, ಏಕೆಂದರೆ ನಾನು ಕೈಗೆ ಗ್ರೀಸ್ ಹಚ್ಚಿಕೊಂಡು ಕಲಿತದ್ದು ಅದರಲ್ಲೇ. ನಿಮ್ಮ ಗಾಡಿ ಬೇರೆಯದಾದರೆ ಅದರ ಸರ್ವೀಸ್ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು.

ಟೈಮಿಂಗ್ ಅಂದ್ರೆ ನಿಜವಾಗಿ ಏನು?

ಕ್ರ್ಯಾಂಕ್ ಶಾಫ್ಟ್ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಕ್ಯಾಮ್ ಶಾಫ್ಟ್ ವಾಲ್ವ್‌ಗಳನ್ನು, ಅಂದರೆ ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳನ್ನು ತೆರೆಯುತ್ತದೆ, ಮುಚ್ಚುವ ಕೆಲಸ ಸ್ಪ್ರಿಂಗಿನದು. ಪಿಸ್ಟನ್ ಎಲ್ಲಿದ್ದಾಗ ಯಾವ ವಾಲ್ವ್ ತೆರೆದಿರಬೇಕು ಅನ್ನುವ ಲೆಕ್ಕವೇ ಟೈಮಿಂಗ್. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಅದಕ್ಕೇ ಕ್ಯಾಮ್ ಪುಲ್ಲಿಯಲ್ಲಿ ಕ್ರ್ಯಾಂಕಿನ ಎರಡರಷ್ಟು ಹಲ್ಲು ಇರುತ್ತವೆ. ಇವೆರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವುದು ಬೆಲ್ಟ್ ಅಥವಾ ಚೈನ್. ಮಾರ್ಕ್ ಅಂದರೆ ಫ್ಯಾಕ್ಟರಿಯವರು ಇಟ್ಟ ಗುರುತು: ಈ ಚುಕ್ಕೆ ಈ ಬಾಣಕ್ಕೆ ಎದುರಾಗಿ, ಆ ಗೀಟು ಆ ಕಚ್ಚಿಗೆ ಎದುರಾಗಿ ನಿಂತಾಗ ಬೆಲ್ಟ್ ಹಾಕಿದರೆ ಲೆಕ್ಕ ಸರಿ.

ನನ್ನ ಗಾಡಿಯಲ್ಲಿ ಇರೋದು ಬೆಲ್ಟೋ ಚೈನೋ?

ಮಾರುತಿ 800, ಓಮ್ನಿ, ಹಳೆಯ ಜೆನ್, ಎಸ್ಟೀಮ್, ಜಿಪ್ಸಿ, ಆಲ್ಟೊ 800, ಎಲ್ಲದರಲ್ಲೂ ಬೆಲ್ಟ್. ಮಾರುತಿಯ ಕೆ ಸರಣಿಯ ಕೆ10, ಕೆ12 ಇಂಜಿನ್‌ಗಳಲ್ಲಿ ಚೈನ್. ಹಳೆಯ ಸ್ಯಾಂಟ್ರೋ, ಆಕ್ಸೆಂಟ್ ಪೆಟ್ರೋಲ್ ಬೆಲ್ಟ್. ಮೊದಲ ಇನ್ನೋವಾದ ಎರಡೂವರೆ ಲೀಟರ್ ಡೀಸೆಲ್ ಬೆಲ್ಟ್, ಕ್ರಿಸ್ಟಾ ಡೀಸೆಲ್ ಚೈನ್. ಡಸ್ಟರ್ ಡೀಸೆಲ್ ಬೆಲ್ಟ್. ಸ್ವಿಫ್ಟ್ ಡೀಸೆಲ್ಲಿನ 1.3 ಫಿಯೆಟ್ ಇಂಜಿನ್ ಚೈನ್. ಗುರುತು ಹಿಡಿಯುವ ಸುಲಭದ ದಾರಿ ಅಂದರೆ ಮುಂದಿನ ಕವರ್ ನೋಡುವುದು. ಹಗುರವಾದ ಪ್ಲಾಸ್ಟಿಕ್ ಕವರ್ ಸಣ್ಣ ಬೋಲ್ಟ್‌ಗಳಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಬೆಲ್ಟ್. ಸೀಲೆಂಟ್ ಹಚ್ಚಿ ಕೂರಿಸಿದ ಅಲ್ಯೂಮಿನಿಯಂ ಕವರ್ ಇದ್ದರೆ ಒಳಗೆ ಆಯಿಲಿನಲ್ಲಿ ಮಿಂದ ಚೈನ್.

ಮಾರ್ಕ್ ತಪ್ಪಿದ್ರೆ ಇಂಜಿನ್ ಹೋಗೇ ಬಿಡುತ್ತಾ?

ಇಂಜಿನ್ ಯಾವ ಜಾತಿಯದು ಅನ್ನುವುದರ ಮೇಲಿದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ಇಳಿದಾಗಲೂ ಪಿಸ್ಟನ್‌ಗೆ ತಾಗದಷ್ಟು ಜಾಗ ಇರುತ್ತದೆ. ಅಲ್ಲಿ ಮಾರ್ಕ್ ತಪ್ಪಿದರೆ ಗಾಡಿ ಓಡುವುದಿಲ್ಲ, ಅಷ್ಟೇ. ಇನ್ನು ಕೆಲವದರಲ್ಲಿ ವಾಲ್ವೂ ಪಿಸ್ಟನ್ನೂ ಒಂದೇ ಜಾಗವನ್ನು ಸರದಿಯಂತೆ ಬಳಸುತ್ತವೆ. ಸರದಿ ತಪ್ಪಿದರೆ ಡಿಕ್ಕಿ. ಕಾರಿನ ಡೀಸೆಲ್ ಇಂಜಿನ್‌ಗಳು ಹೆಚ್ಚುಕಡಿಮೆ ಎಲ್ಲ ಈ ಎರಡನೇ ಜಾತಿಯವೇ. ಡೀಸೆಲ್ಲಿಗೆ ಕಂಪ್ರೆಷನ್, ಅಂದರೆ ಗಾಳಿಯನ್ನು ಹಿಂಡುವ ಒತ್ತಡ, ಜಾಸ್ತಿ ಬೇಕು, ಹಾಗಾಗಿ ಪಿಸ್ಟನ್ ವಾಲ್ವ್‌ಗಳಿರುವ ಮೇಲಿನ ಹೆಡ್ಡಿಗೆ ತೀರಾ ಹತ್ತಿರ ಬರುತ್ತದೆ.

ನಿಮ್ಮದು ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ತಾಗುವ ಜಾತಿಯದೇ ಅಂದುಕೊಂಡು ಕೆಲಸ ಮಾಡಿ. ಅದರಿಂದ ನಷ್ಟವೇನೂ ಇಲ್ಲ.

ಒಂದೇ ಒಂದು ಹಲ್ಲು ತಪ್ಪಿದ್ರೆ ಏನಾಗುತ್ತೆ? ಗಾಡಿ ಸ್ಟಾರ್ಟ್ ಆಗುತ್ತಲ್ವಾ?

ಆಗಬಹುದು. ಅದೇ ತೊಂದರೆ. ಪೂರ್ತಿ ತಪ್ಪಿದರೆ ಗೊತ್ತಾಗಿಬಿಡುತ್ತದೆ, ಒಂದು ಹಲ್ಲು ತಪ್ಪಿದರೆ ವರ್ಷಗಟ್ಟಲೆ ಗೊತ್ತಾಗದೆ ಇರಬಹುದು.

ಲೆಕ್ಕ ನೋಡಿ. ಕ್ರ್ಯಾಂಕ್ ಪುಲ್ಲಿಯಲ್ಲಿ 20 ಹಲ್ಲು ಇದ್ದರೆ ಒಂದು ಹಲ್ಲು ಅಂದರೆ ಕ್ರ್ಯಾಂಕಿನ 18 ಡಿಗ್ರಿ. 24 ಹಲ್ಲು ಇದ್ದರೆ 15 ಡಿಗ್ರಿ. ಪ್ಲಗ್ಗಿನ ಕಿಡಿ ಹಾರುವ ಹೊತ್ತು, ಅಂದರೆ ಇಗ್ನಿಷನ್ ಟೈಮಿಂಗ್, ಎರಡು ಡಿಗ್ರಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳುತ್ತೇವೆ, ಇಲ್ಲಿ ವಾಲ್ವ್‌ಗಳೇ 15–18 ಡಿಗ್ರಿ ತಡವಾಗಿ ಅಥವಾ ಬೇಗ ತೆರೆಯುತ್ತಿರುತ್ತವೆ.

ನಾನು ಕೊಂಡ ಸೆಕೆಂಡ್ ಹ್ಯಾಂಡ್ 800 ಹಾಗೇ ಇತ್ತು. ಸ್ಟಾರ್ಟ್ ಆಗುತ್ತಿತ್ತು, ಊರೊಳಗೆ ಓಡುತ್ತಿತ್ತು, ಐಡ್ಲಿಂಗ್ ಸ್ವಲ್ಪ ಒದರುತ್ತಿತ್ತು, ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಹಳೇ ಗಾಡಿ ಅಲ್ವಾ ಅಂತ ಸುಮ್ನಿದ್ದೆ. ಆಗುಂಬೆ ಘಾಟಿಯಲ್ಲಿ ನಾಲ್ಕು ಜನ ಕೂತು ಹತ್ತುವಾಗ ಮಾತ್ರ ತಿರುವಿನಲ್ಲಿ ಎರಡನೇ ಗೇರ್ ಎಳೆಯುತ್ತಲೇ ಇರಲಿಲ್ಲ, ಪ್ರತಿ ತಿರುವಿಗೂ ಒಂದನೇ ಗೇರ್. ಕಾರ್ಬ್ಯುರೇಟರ್ ತೊಳೆಸಿದೆ, ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ. ಕೊನೆಗೆ ಬೆಲ್ಟ್ ಬದಲಿಸೋಣ ಅಂತ ಕವರ್ ತೆಗೆದು ಕ್ರ್ಯಾಂಕ್ ಮಾರ್ಕ್ ಕೂಡಿಸಿ ಮೇಲೆ ನೋಡಿದರೆ, ಕ್ಯಾಮ್ ಮಾರ್ಕ್ ಒಂದು ಹಲ್ಲು ಹಿಂದೆ ನಿಂತಿದೆ. ಹಿಂದಿನ ಮಾಲೀಕರು ಯಾವುದೋ ಗ್ಯಾರೇಜಿನಲ್ಲಿ ಬೆಲ್ಟ್ ಹಾಕಿಸಿದ್ದಾಗ ಹಾಗೇ ಕೂತುಬಿಟ್ಟಿತ್ತು. ಸರಿ ಮಾಡಿದ ಮೇಲೆ ಅದೇ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತಿತು.

ಕ್ಯಾಮ್ ಹಿಂದೆ ಬಿದ್ದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ. ಹಾಗಾಗಿ ಕಡಿಮೆ ಸ್ಪೀಡಿನಲ್ಲಿ ಎಳೆತ ಇರುವುದಿಲ್ಲ, ಕಂಪ್ರೆಷನ್ ಗೇಜ್ ಹಾಕಿದರೆ ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಕಡಿಮೆ ತೋರಿಸುತ್ತದೆ. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ವಾಲ್ವೋ ರಿಂಗೋ ನೋಡಬೇಕು. ಎಲ್ಲವೂ ಒಟ್ಟಿಗೆ ಕಡಿಮೆ ಇದ್ದರೆ ಟೈಮಿಂಗನ್ನೂ ಅನುಮಾನಿಸಿ.

ಕೆಲಸ ಶುರು ಮಾಡೋ ಮೊದಲು ಏನೇನು ಮಾಡ್ಕೋಬೇಕು?

ಇಂಜಿನ್ ಪೂರ್ತಿ ತಣ್ಣಗಿರಲಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಬ್ಯಾಟರಿಯ ನೆಗೆಟಿವ್ ಕಳಚಿ, ಕೀ ಜೇಬಿನಲ್ಲಿಡಿ. ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಸ್ಪಾರ್ಕ್ ಪ್ಲಗ್‌ಗಳನ್ನು ಎಲ್ಲವನ್ನೂ ಬಿಚ್ಚಿ. ಇದನ್ನು ಸೋಮಾರಿತನದಿಂದ ಬಿಡುವವರು ಜಾಸ್ತಿ. ಪ್ಲಗ್ ಬಿಚ್ಚಿದರೆ ಕಂಪ್ರೆಷನ್ ತಡೆ ಇರುವುದಿಲ್ಲ, ಇಂಜಿನ್ ಒಂದು ಸಾಕೆಟ್ ಹಿಡಿಯಲ್ಲಿ ಸರಾಗವಾಗಿ ತಿರುಗುತ್ತದೆ. ಅದಕ್ಕಿಂತ ಮುಖ್ಯ ಏನಂದರೆ, ವಾಲ್ವ್ ಪಿಸ್ಟನ್‌ಗೆ ತಾಗಿದರೆ ಆ ತಡೆ ನಿಮ್ಮ ಕೈಗೆ ತಕ್ಷಣ ಗೊತ್ತಾಗುತ್ತದೆ. ಪ್ಲಗ್ ಇದ್ದರೆ ಅದು ಕಂಪ್ರೆಷನ್ನೋ ವಾಲ್ವೋ ಗೊತ್ತಾಗುವುದೇ ಇಲ್ಲ.

ಒಂದು ಟಾರ್ಚು, ಒಂದು ಚಿಕ್ಕ ಕನ್ನಡಿ, ಒಂದು ವೈಟ್ನರ್ ಅಥವಾ ಬಿಳಿ ನೇಲ್ ಪಾಲಿಶ್, ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ, ಫೋಟೋ ತೆಗೆಯಲು ಮೊಬೈಲ್. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ.

ಮಾರ್ಕ್‌ಗಳು ಎಲ್ಲಿರುತ್ತವೆ? ನನಗೆ ಏನೂ ಕಾಣ್ತಾನೇ ಇಲ್ಲ.

ಕಾಣುವುದಿಲ್ಲ, ಏಕೆಂದರೆ ಮಸಿ ತುಂಬಿರುತ್ತದೆ. 800ರಲ್ಲಿ ಹೇಳುತ್ತೇನೆ. ಕೆಳಗೆ ಕ್ರ್ಯಾಂಕಿನ ಹಲ್ಲಿನ ಪುಲ್ಲಿಯ ಮೇಲೆ ಒಂದು ಪಂಚ್ ಚುಕ್ಕೆ ಇರುತ್ತದೆ. ಅಕ್ಕಿಕಾಳಿನ ತುದಿಯಷ್ಟು ದೊಡ್ಡದು, ಅಷ್ಟೇ. ಅದರ ಎದುರಿಗೆ ಆಯಿಲ್ ಪಂಪಿನ ಬಾಡಿಯ ಮೇಲೆ ಎರಕದಲ್ಲೇ ಬಂದ ಬಾಣದ ಗುರುತು. ಮೇಲೆ ಕ್ಯಾಮ್ ಪುಲ್ಲಿಯ ಮೇಲೆ ಒಂದು ಗುರುತು, ಅದಕ್ಕೆ ಎದುರಾಗಿ ಬೆಲ್ಟಿನ ಹಿಂದಿನ ಕವರ್ ಬದಿಯಲ್ಲಿ 'ವಿ' ಆಕಾರದ ಕಚ್ಚು.

ಮೊದಲ ಸಲ ನೋಡಿದಾಗ ಆ ಪಂಚ್ ಚುಕ್ಕೆ ನನಗೂ ಸಿಗಲಿಲ್ಲ. ಹಳೇ ಆಯಿಲೂ ಧೂಳೂ ಸೇರಿ ಗಟ್ಟಿಯಾಗಿ, ಚುಕ್ಕೆಯ ಗುಳಿ ಪುಲ್ಲಿಯ ಮಟ್ಟಕ್ಕೇ ತುಂಬಿಕೊಂಡಿತ್ತು. ಬಟ್ಟೆಯಿಂದ ಒರೆಸಿದರೆ ಮೇಲಿನದು ಮಾತ್ರ ಹೋಯಿತು. ಸೂಜಿಯಲ್ಲಿ ಮೆಲ್ಲಗೆ ಕೆದಕಿ, ಮತ್ತೆ ಒರೆಸಿ, ಅದರೊಳಗೆ ಒಂದು ತೊಟ್ಟು ವೈಟ್ನರ್ ಬಿಟ್ಟು ಮೇಲಿನದನ್ನು ಬೆರಳಲ್ಲಿ ಸವರಿದೆ. ಗುಳಿಯಲ್ಲಿ ಮಾತ್ರ ಬಿಳಿ ಉಳಿಯಿತು. ಅಲ್ಲಿಂದ ಮುಂದೆ ಟಾರ್ಚ್ ಬಿಟ್ಟರೆ ನಕ್ಷತ್ರದ ಹಾಗೆ ಕಾಣುತ್ತದೆ. ನಾಲ್ಕೂ ಗುರುತಿಗೆ ಹೀಗೆ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ, ಇಡೀ ದಿನದ ತಲೆನೋವು ತಪ್ಪುತ್ತದೆ.

ನನ್ನ ಪುಲ್ಲಿಯಲ್ಲಿ ಮೂರ್ನಾಲ್ಕು ಗುರುತು ಇವೆ. ಯಾವುದನ್ನು ಹಿಡೀಬೇಕು?

ಮಾರ್ಕ್ ತಪ್ಪುವುದಕ್ಕೆ ಅತಿ ದೊಡ್ಡ ಕಾರಣ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಹೊರಗಿನ ಪುಲ್ಲಿ, ಅಂದರೆ ಫ್ಯಾನ್ ಬೆಲ್ಟೋ ಆಲ್ಟರ್ನೇಟರ್ ಬೆಲ್ಟೋ ಓಡುವ ಪುಲ್ಲಿಯ ಮೇಲಿನ ಕಚ್ಚುಗಳಲ್ಲಿ ಕೆಲವು ಇಗ್ನಿಷನ್ ಟೈಮಿಂಗಿಗೆ ಇರುವಂಥವು. ಟೈಮಿಂಗ್ ಲೈಟ್ ಬಿಟ್ಟು ನೋಡಲು ಮಾಡಿದ ಗುರುತು ಅದು, ಬೆಲ್ಟಿಗೆ ಅಲ್ಲ. 1998ರಲ್ಲಿ ನಮ್ಮಲ್ಲಿ ಬಂದ ಹೋಂಡಾ ಸಿಟಿಯ ಡಿ ಸರಣಿಯ ಇಂಜಿನ್ ತೆಗೆದುಕೊಳ್ಳಿ. ಅದರ ಪುಲ್ಲಿಯಲ್ಲಿ ಬಿಳಿ ಗುರುತು ಪಿಸ್ಟನ್ ತುದಿ ಮುಟ್ಟಿದ್ದಕ್ಕೆ, ಕೆಂಪು ಗುರುತು ಇಗ್ನಿಷನ್ನಿಗೆ. ಕೆಂಪನ್ನು ಹಿಡಿದು ಬೆಲ್ಟ್ ಹಾಕಿದರೆ ಶುರುವಿನಲ್ಲೇ ತಪ್ಪು. ಮೇಲೆ ಕ್ಯಾಮ್ ಪುಲ್ಲಿಯಲ್ಲಿ ಇಂಗ್ಲಿಷಿನಲ್ಲಿ 'ಅಪ್' ಎಂಬ ಅಕ್ಷರ ಮೇಲಕ್ಕಿರಬೇಕು, ಅಕ್ಕಪಕ್ಕದ ಎರಡು ಗೀಟು ಹೆಡ್ಡಿನ ಮೇಲ್ಮೈಗೆ ಸಮನಾಗಿ ನಿಲ್ಲಬೇಕು.

ಇನ್ನೊಂದು ಮಾತು. ಹಲವು ಗಾಡಿಗಳಲ್ಲಿ ಹೊರಗಿನ ಪುಲ್ಲಿ ಎರಡು ತುಂಡಾಗಿರುತ್ತದೆ, ನಡುವೆ ರಬ್ಬರ್. ಹಳತಾದಾಗ ರಬ್ಬರ್ ಬಿಟ್ಟು ಹೊರಗಿನ ಬಳೆ ಜಾರುತ್ತದೆ. ಆಗ ಅದರ ಮೇಲಿನ ಗುರುತು ಸುಳ್ಳು ಹೇಳುತ್ತದೆ. ಅದಕ್ಕೇ ಒಳಗಿನ ಹಲ್ಲಿನ ಪುಲ್ಲಿಯ ಗುರುತನ್ನೇ ನಂಬಿ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು, ಅಲ್ಲಿ ಸುಬಾರು ಓಡಿಸುವವರು ತುಂಬಾ ಜನ. ಅದರ ಹಳೆಯ ಇಜೆ ಇಂಜಿನ್‌ನಲ್ಲಿ ಪುಲ್ಲಿಗಳ ಮೇಲೆ ಬಾಣವೂ ಇದೆ, ಗೀಟೂ ಇದೆ. ಬಾಣ ನೋಡಿದ ಕೂಡಲೇ ಇದೇ ಅನಿಸುತ್ತದೆ. ಅಲ್ಲ. ಬೆಲ್ಟಿಗೆ ಹಿಡಿಯಬೇಕಾದದ್ದು ಗೀಟು. ಆ ಜಾಗದಲ್ಲಿ ಪಿಸ್ಟನ್‌ಗಳು ನಡುದಾರಿಯಲ್ಲಿರುತ್ತವೆ, ತುದಿಯಲ್ಲಿ ಅಲ್ಲ.

ಪ್ಲಗ್ ತೂತಿಗೆ ಸ್ಟ್ರಾ ಹಾಕಿ ಪಿಸ್ಟನ್ ಮೇಲೆ ಬಂದದ್ದು ನೋಡಿದ್ರೆ ಸಾಕಲ್ವಾ?

ಅಂದಾಜಿಗೆ ಸಾಕು, ಟೈಮಿಂಗ್ ಇಡಲು ಸಾಲದು. ಪಿಸ್ಟನ್ ತುದಿಯ ಹತ್ತಿರ ಬಂದಾಗ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. 800ರ ಸ್ಟ್ರೋಕ್ 72 ಮಿಲಿಮೀಟರ್. ಕ್ರ್ಯಾಂಕ್ ತುದಿಯಿಂದ 5 ಡಿಗ್ರಿ ಆಚೆ ಹೋದರೂ ಪಿಸ್ಟನ್ ಇಳಿಯುವುದು ಸುಮಾರು 0.2 ಮಿಲಿಮೀಟರ್ ಮಾತ್ರ. ಸ್ಟ್ರಾದಲ್ಲಿ ಅದು ಕಾಣುತ್ತದಾ? ಇಲ್ಲ. ಪಿಸ್ಟನ್ ಮೇಲಿದೆಯೋ ಕೆಳಗಿದೆಯೋ ತಿಳಿಯಲು ಸ್ಟ್ರಾ, ಕೂಡಿಸಲು ಮಾರ್ಕ್. ಸ್ಕ್ರೂಡ್ರೈವರ್ ಮಾತ್ರ ಹಾಕಬೇಡಿ, ಪ್ಲಗ್ ತೂತಿನ ಥ್ರೆಡ್ಡೋ ಪಿಸ್ಟನ್ನೋ ಗೀಚಿಹೋಗುತ್ತದೆ.

ಕ್ರ್ಯಾಂಕ್ ಮಾರ್ಕ್ ಕೂಡಿದೆ, ಆದ್ರೆ ಅದು ಕಂಪ್ರೆಷನ್ ಸುತ್ತೋ ಎಕ್ಸಾಸ್ಟ್ ಸುತ್ತೋ ಗೊತ್ತಾಗ್ತಿಲ್ಲ.

ಬೆಲ್ಟ್ ಬಿಚ್ಚಿದ ಮೇಲೆ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಕ್ರ್ಯಾಂಕಿಗೆ ಗಾಳಿ ಹಿಂಡುವ ಕಂಪ್ರೆಷನ್, ಹೊಗೆ ಹೊರಹಾಕುವ ಎಕ್ಸಾಸ್ಟ್ ಅಂತ ಭೇದ ಗೊತ್ತಿಲ್ಲ. ಅದು ಪ್ರತಿ ಸುತ್ತಿಗೂ ಪಿಸ್ಟನ್ನನ್ನು ಮೇಲಕ್ಕೆ ತರುತ್ತದೆ, ಅಷ್ಟೇ. ಯಾವ ಸುತ್ತು ಅಂತ ತೀರ್ಮಾನ ಮಾಡುವುದು ಕ್ಯಾಮ್. ಕೆಳಗಿನದನ್ನು ಅದರ ಮಾರ್ಕಿಗೆ ನಿಲ್ಲಿಸಿ, ಮೇಲಿನದನ್ನು ಅದರ ಮಾರ್ಕಿಗೆ ನಿಲ್ಲಿಸಿ, ಬೆಲ್ಟ್ ಹಾಕಿ. ಮುಗಿಯಿತು.

ಬೆಲ್ಟ್ ಇನ್ನೂ ಇರುವಾಗ ಮಾತ್ರ ಈ ಮಾತು ಬರುತ್ತದೆ. ಕ್ರ್ಯಾಂಕ್ ಮಾರ್ಕ್ ಕೂಡಿ ಕ್ಯಾಮ್ ಮಾರ್ಕ್ ಪೂರ್ತಿ ಎದುರು ದಿಕ್ಕಿಗೆ, ಕೆಳಗೆ ಕಾಣಿಸಿದರೆ ಗಾಬರಿ ಬೇಡ. ಕ್ರ್ಯಾಂಕ್ ಇನ್ನೊಂದು ಸುತ್ತು ತಿರುಗಿಸಿ, ಕ್ಯಾಮ್ ಮೇಲೆ ಬರುತ್ತದೆ.

ಬೆಲ್ಟ್ ಹಾಕುವ ಕ್ರಮ ಹೇಳಿ.

800ರಂಥ ಒಂದು ಕ್ಯಾಮ್ ಇಂಜಿನ್ನಿಗೆ ಹೇಳುತ್ತೇನೆ. ಬೆಲ್ಟ್ ಇನ್ನೂ ಇರುವಾಗಲೇ ಎರಡೂ ಮಾರ್ಕ್ ಕೂಡಿಸಿ ನಿಲ್ಲಿಸಿ. ಆಮೇಲೆ ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಬೆಲ್ಟ್ ಇಲ್ಲದಾಗ ಕ್ಯಾಮನ್ನಾಗಲೀ ಕ್ರ್ಯಾಂಕನ್ನಾಗಲೀ ಸುಮ್ನೆ ತಿರುಗಿಸಬೇಡಿ.

ಇಲ್ಲಿ ಬಹಳ ಜನ ಬಿಡುವ ಒಂದು ಕೆಲಸ ಇದೆ. ಮೇಲಿನ ಹೆಡ್ ಕವರ್ ತೆಗೆದು ಟ್ಯಾಪೆಟ್ ಸ್ಕ್ರೂಗಳನ್ನು, ಅಂದರೆ ವಾಲ್ವಿನ ಸಂದು ಹೊಂದಿಸುವ ಸ್ಕ್ರೂಗಳನ್ನು, ಎಲ್ಲ ಸಡಿಲಿಸಬೇಕು. ಯಾಕೆ ಅಂದರೆ, ವಾಲ್ವ್ ಸ್ಪ್ರಿಂಗ್‌ಗಳು ಕ್ಯಾಮನ್ನು ಒಂದು ಕಡೆಗೆ ಒತ್ತುತ್ತಲೇ ಇರುತ್ತವೆ. ಕ್ಯಾಮ್ ಸರಾಗವಾಗಿ ತಿರುಗದಿದ್ದರೆ ಟೆನ್ಷನರ್ ಸ್ಪ್ರಿಂಗ್ ಬೆಲ್ಟನ್ನು ಸರಿಯಾಗಿ ಬಿಗಿ ಮಾಡಲಾರದು. ಬಿಗಿಯಾಗಿದೆ ಅನಿಸುತ್ತದೆ, ಒಂದು ಸುತ್ತು ತಿರುಗಿಸಿದ ಮೇಲೆ ಸಡಿಲ ಇರುತ್ತದೆ. ಬೆಲ್ಟ್ ಹಾಕಿ ಮುಗಿದ ಮೇಲೆ ಟ್ಯಾಪೆಟ್ ಕ್ಲಿಯರೆನ್ಸ್ ಮತ್ತೆ ಇಡಬೇಕಾಗುತ್ತದೆ, ಒಂದು ಗಂಟೆ ಜಾಸ್ತಿ ಕೆಲಸ. ಮಾಡಿ.

ಹೊಸ ಬೆಲ್ಟ್ ಹಾಕುವಾಗ ಕ್ರ್ಯಾಂಕಿನಿಂದ ಶುರು ಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಎಳೆದು ಬಿಗಿಯಾಗಿ ಹಿಡಿದು ಕ್ಯಾಮ್ ಪುಲ್ಲಿಗೆ ಏರಿಸಿ. ಆ ಬದಿಯಲ್ಲಿ ಸ್ವಲ್ಪವೂ ಸಡಿಲ ಉಳಿಯಬಾರದು. ಉಳಿದ ಸಡಿಲವೆಲ್ಲ ಟೆನ್ಷನರ್ ಬದಿಗೆ ಬರಲಿ, ಅದನ್ನು ಎಳೆದುಕೊಳ್ಳುವುದೇ ಅದರ ಕೆಲಸ. ಬೆಲ್ಟ್ ಮೇಲೆ ಬಾಣ ಇದ್ದರೆ ತಿರುಗುವ ದಿಕ್ಕಿಗೆ ಇರಲಿ. ಬೆಲ್ಟನ್ನು ಮಡಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬೇಡಿ, ಆಯಿಲ್ ಕೈಯಲ್ಲಿ ಮುಟ್ಟಬೇಡಿ.

ಕೈಯಲ್ಲಿ ಎರಡು ಸುತ್ತು ತಿರುಗಿಸಿ ಅಂತ ಎಲ್ರೂ ಹೇಳ್ತಾರೆ. ಮಾರ್ಕ್ ಕೂಡಿದ್ದು ಕಣ್ಣಿಗೆ ಕಾಣ್ತಿದೆಯಲ್ಲ, ಮತ್ಯಾಕೆ?

ಈ ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನು ಓದಿ.

ಬೆಲ್ಟ್ ಹಾಕಿದಾಗ ಮಾರ್ಕ್ ಕೂಡಿದ್ದು ನೀವು ಕೈಯಲ್ಲಿ ಕೂಡಿಸಿದ್ದರಿಂದ. ಬೆಲ್ಟ್ ಆ ಸಂಬಂಧವನ್ನು ಹಿಡಿದಿಟ್ಟಿದೆಯೋ ಇಲ್ಲವೋ ಅನ್ನುವುದು ತಿರುಗಿಸುವವರೆಗೆ ಗೊತ್ತಾಗುವುದಿಲ್ಲ. ಬಿಗಿ ಬದಿಯಲ್ಲಿ ಚೂರು ಸಡಿಲ ಇದ್ದಿದ್ದರೆ, ತಿರುಗಿಸಿದ ಮೊದಲ ಕ್ಷಣದಲ್ಲೇ ಕ್ರ್ಯಾಂಕ್ ಮುಂದೆ ಹೋಗಿ ಕ್ಯಾಮ್ ಹಿಂದೆ ಉಳಿಯುತ್ತದೆ. ಒಂದು ಸುತ್ತಿಗೆ ಕ್ಯಾಮ್ ಅರ್ಧ ದಾರಿಯಲ್ಲಿರುತ್ತದೆ, ಎರಡು ಸುತ್ತಿಗೆ ಅದರ ಒಂದು ಸುತ್ತು ಪೂರ್ತಿ. ಆಗ ಎಲ್ಲ ವಾಲ್ವ್‌ಗಳೂ ಒಂದು ಸಲ ತೆರೆದು ಮುಚ್ಚಿರುತ್ತವೆ. ತಾಗುವುದಿದ್ದರೆ ನಿಮ್ಮ ಕೈಯಲ್ಲೇ, ಮೆಲ್ಲಗೆ, ಏನೂ ಮುರಿಯದೆ ತಾಗುತ್ತದೆ.

ತಿರುಗಿಸುವಾಗ ಗಟ್ಟಿಯಾಗಿ ಏನೋ ತಡೆದರೆ ನಿಲ್ಲಿಸಿ. ಇನ್ನೂ ಸ್ವಲ್ಪ ಬಲ ಹಾಕಿ ನೋಡೋಣ ಅನ್ನುವ ಯೋಚನೆಯೇ ಬೇಡ. ಹಿಂದಕ್ಕೆ ಬಂದು, ಬೆಲ್ಟ್ ತೆಗೆದು, ಮೊದಲಿನಿಂದ ಕೂಡಿಸಿ. ಸ್ಟಾರ್ಟರ್ ಮೋಟರಿಗೆ ಈ ತಡೆ ಗೊತ್ತಾಗುವುದಿಲ್ಲ, ಅದು ವಾಲ್ವ್ ಬೆಂಡ್ ಮಾಡಿಯೇ ತಿರುಗುತ್ತದೆ. ಎರಡು ಸುತ್ತು ಕೈಯಲ್ಲಿ ತಿರುಗಿಸಿ ಮಾರ್ಕ್ ಮತ್ತೆ ನೋಡುವ ತನಕ ಕೀ ಮುಟ್ಟಬೇಡಿ. ಎರಡು ಸುತ್ತಾದ ಮೇಲೆ ಟೆನ್ಷನರ್ ಬೋಲ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ, ಇನ್ನೆರಡು ಸುತ್ತು ತಿರುಗಿಸಿ, ಮತ್ತೊಮ್ಮೆ ನೋಡಿ. ನಾನು ಹಾಗೇ ಮಾಡುತ್ತೇನೆ.

ಮಾರ್ಕ್ ದಾಟಿ ಹೋಯ್ತು. ಉಲ್ಟಾ ತಿರುಗಿಸಬಹುದಾ?

ಬೇಡ. ಸರಿಯಾದ ದಿಕ್ಕಿಗೆ ಇನ್ನೆರಡು ಸುತ್ತು ತಿರುಗಿಸಿ ಬನ್ನಿ. ಉಲ್ಟಾ ತಿರುಗಿಸಿದರೆ ಸಡಿಲ ಇರುವ ಬದಿ ಬದಲಾಗುತ್ತದೆ, ಟೆನ್ಷನರ್ ಇಲ್ಲದ ಕಡೆ ಸಡಿಲ ಬಂದು ಹಲ್ಲು ಹಾರಬಹುದು. ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಚೈನ್ ಟೆನ್ಷನರ್ ಇದ್ದರೆ ಇನ್ನೂ ಅಪಾಯ. ಹೆಚ್ಚಿನ ಇಂಜಿನ್‌ಗಳು ಪುಲ್ಲಿ ಬದಿಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಆದರೆ ಮೇಲೆ ಹೇಳಿದ ಹಳೆಯ ಹೋಂಡಾ ಸಿಟಿ ಅದಕ್ಕೆ ವಿರುದ್ಧ ದಿಕ್ಕು. ಅದು ಗೊತ್ತಿಲ್ಲದೆ ತಿರುಗಿಸಿದರೆ ಎಲ್ಲವೂ ಉಲ್ಟಾ ಆಗುತ್ತದೆ.

ಕ್ರ್ಯಾಂಕ್ ಸರಿ ಇದೆ, ಕ್ಯಾಮ್ ಅರ್ಧ ಹಲ್ಲಿನಷ್ಟು ಆಚೆ ಇದೆ. ಮುಂದೆ ಹಾಕಿದ್ರೆ ಈ ಕಡೆ ಅರ್ಧ, ಹಿಂದೆ ಹಾಕಿದ್ರೆ ಆ ಕಡೆ ಅರ್ಧ!

ಮೊದಲು ನಿಮ್ಮ ತಲೆ ಎಲ್ಲಿದೆ ನೋಡಿ. ಮೇಲಿನಿಂದ ಬಗ್ಗಿ ಓರೆಯಾಗಿ ನೋಡಿದರೆ ಗುರುತು ಜರುಗಿದ ಹಾಗೇ ಕಾಣುತ್ತದೆ. ಪುಲ್ಲಿಗೆ ನೇರ ಎದುರಿಗೆ ಕಣ್ಣು ಬರಬೇಕು, ಅಲ್ಲಿ ತಲೆ ಹಿಡಿಸದಿದ್ದರೆ ಮೊಬೈಲ್ ಹಿಡಿದು ಫೋಟೋ ತೆಗೆಯಿರಿ.

ಅದಾದ ಮೇಲೂ ಅರ್ಧ ಹಲ್ಲೇ ಅಂದರೆ ಬಿಗಿ ಬದಿಯಲ್ಲಿ ಸಡಿಲ ಇದೆಯಾ ನೋಡಿ, ಟೆನ್ಷನರ್ ಪೂರ್ತಿ ಬಿಟ್ಟಿದ್ದೀರಾ ನೋಡಿ, ತಂದ ಬೆಲ್ಟ್ ಅದೇ ಗಾಡಿಯದ್ದಾ ಅಂತ ಹಳೆಯದರ ಜೊತೆ ಹಲ್ಲು ಎಣಿಸಿ. ಅಂಗಡಿಯಲ್ಲಿ ಒಂದೇ ಥರ ಕಾಣುವ ಬೆಲ್ಟ್‌ಗಳಿರುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ ಹಳೇ ಬೆಲ್ಟ್ ಕೈಯಲ್ಲಿ ಹಿಡಿದೇ ಹೋಗಿ. ಹೆಡ್ ಲೇತಿನಲ್ಲಿ ಪ್ಲೇನಿಂಗ್ ಮಾಡಿಸಿದ್ದರೂ ಕ್ಯಾಮ್ ಚೂರು ಹಿಂದೆ ಬೀಳುತ್ತದೆ, ಏಕೆಂದರೆ ಎರಡು ಶಾಫ್ಟಿನ ನಡುವಿನ ದೂರ ಕಡಿಮೆಯಾಗುತ್ತದೆ. ಆದರೆ ಅದು ಕೂದಲೆಳೆಯಷ್ಟು, ಅರ್ಧ ಹಲ್ಲಿನಷ್ಟು ಅಲ್ಲ.

ಕೊನೆಗೆ ಕ್ರ್ಯಾಂಕ್ ಪುಲ್ಲಿಯ ಕೀ, ಅಂದರೆ ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು ನೋಡಿ. ನಡುವಿನ ಬೋಲ್ಟ್ ಸಡಿಲವಾಗಿ ಓಡಿದ ಗಾಡಿಯಲ್ಲಿ ಕೀಯೂ ಅದು ಕೂರುವ ತೋಡೂ ಸವೆದಿರುತ್ತವೆ. ಪುಲ್ಲಿಯನ್ನು ಕೈಯಲ್ಲಿ ಅಲುಗಿಸಿದರೆ ಆಡುತ್ತದೆ. ಹಾಗಿದ್ದರೆ ಎಷ್ಟು ಸಲ ಬೆಲ್ಟ್ ಹಾಕಿದರೂ ಪ್ರಯೋಜನ ಇಲ್ಲ, ಮೊದಲು ಅದನ್ನು ಸರಿ ಮಾಡಿಸಿ.

ಬೆಲ್ಟ್ ತುಂಡಾಗಿದೆ. ಕ್ಯಾಮ್ ಎಲ್ಲೋ, ಕ್ರ್ಯಾಂಕ್ ಎಲ್ಲೋ. ಈಗ ಹೇಗೆ ತಿರುಗಿಸೋದು?

ವಾಲ್ವ್ ಕೆಳಗಿಳಿದಿರುವಾಗ ಪಿಸ್ಟನ್ ಮೇಲಿರಬಾರದು. ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲಿ ಕ್ರ್ಯಾಂಕನ್ನು ಮಾರ್ಕಿನಿಂದ 90 ಡಿಗ್ರಿ ಹಿಂದೆ ನಿಲ್ಲಿಸಿದರೆ ನಾಲ್ಕೂ ಪಿಸ್ಟನ್ ನಡುದಾರಿಯಲ್ಲಿರುತ್ತವೆ. ಆಗ ಕ್ಯಾಮನ್ನು ಅದರ ಮಾರ್ಕಿಗೆ ತನ್ನಿ. ಆಮೇಲೆ ಕ್ರ್ಯಾಂಕನ್ನು ಅದೇ 90 ಡಿಗ್ರಿ ದಾರಿಯಲ್ಲಿ ಮಾರ್ಕಿಗೆ ತನ್ನಿ.

800ರಂಥ ಮೂರು ಸಿಲಿಂಡರಿಗೆ ಈ 90ರ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪಿಸ್ಟನ್‌ಗಳು 120 ಡಿಗ್ರಿ ಅಂತರದಲ್ಲಿರುತ್ತವೆ, 90ಕ್ಕೆ ನಿಲ್ಲಿಸಿದರೆ ಒಂದು ಪಿಸ್ಟನ್ ತುದಿಯಿಂದ ಬರೀ 30 ಡಿಗ್ರಿ ದೂರ ಇರುತ್ತದೆ. 60 ಡಿಗ್ರಿಗೆ ನಿಲ್ಲಿಸಿ. ಆಗ ಯಾವ ಪಿಸ್ಟನ್ನೂ ತುದಿಗೆ 60 ಡಿಗ್ರಿಗಿಂತ ಹತ್ತಿರ ಇರುವುದಿಲ್ಲ.

ಓಡುತ್ತಿರುವಾಗ ತುಂಡಾದ ಬೆಲ್ಟಾದರೆ, ಹೊಸದು ಹಾಕಿದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಕಂಪ್ರೆಷನ್ ನೋಡಿಸಿ. ವಾಲ್ವ್ ಬೆಂಡ್ ಆಗಿದ್ದರೆ ಆ ಸಿಲಿಂಡರ್ ಸೊನ್ನೆಯೋ ತೀರಾ ಕಡಿಮೆಯೋ ತೋರಿಸುತ್ತದೆ.

ಚೈನ್ ಇಂಜಿನ್. ಬಣ್ಣದ ಕೊಂಡಿಗಳನ್ನು ಮಾರ್ಕಿಗೆ ಕೂಡಿಸಿದೆ, ಎರಡು ಸುತ್ತು ತಿರುಗಿಸಿದ್ಮೇಲೆ ಕೊಂಡಿಗಳು ಎಲ್ಲೋ ಹೋಗಿವೆ. ತಪ್ಪಾಯ್ತಾ?

ಇಲ್ಲ, ಹಾಗೇ ಆಗಬೇಕು. ಬಣ್ಣದ ಕೊಂಡಿ ಹಾಕುವಾಗ ಮಾತ್ರ ಸಹಾಯಕ್ಕೆ. ಎರಡು ಸುತ್ತಾದ ಮೇಲೆ ನೋಡಬೇಕಾದದ್ದು ಪುಲ್ಲಿಗಳ ಮಾರ್ಕ್, ಕೊಂಡಿ ಅಲ್ಲ. ಒಂದು ಉದಾಹರಣೆ ಲೆಕ್ಕ: ಕ್ರ್ಯಾಂಕಿಗೆ 18 ಹಲ್ಲು, ಕ್ಯಾಮಿಗೆ 36, ಚೈನಿನಲ್ಲಿ 110 ಕೊಂಡಿ ಅಂದುಕೊಳ್ಳಿ. ಕ್ರ್ಯಾಂಕಿನ ಎರಡು ಸುತ್ತಿಗೆ ಚೈನ್ 36 ಕೊಂಡಿ ಮುಂದೆ ಹೋಗುತ್ತದೆ. ಬಣ್ಣದ ಕೊಂಡಿಗಳು ಮತ್ತೆ ಮೊದಲಿನ ಜಾಗಕ್ಕೆ ಬಂದು ಮಾರ್ಕಿಗೆ ಕೂಡಬೇಕಾದರೆ ಕ್ರ್ಯಾಂಕ್ 110 ಸುತ್ತು ತಿರುಗಬೇಕು. ಇದು ಗೊತ್ತಿಲ್ಲದೆ ಸರಿಯಾಗಿ ಕೂತಿದ್ದ ಚೈನನ್ನು ಮತ್ತೆ ಬಿಚ್ಚಿದವರನ್ನು ನೋಡಿದ್ದೇನೆ.

ಚೈನ್ ಹಾಕುವಾಗ ಟೆನ್ಷನರನ್ನು ಒತ್ತಿ ಹಿಡಿಯಲು ಹಾಕಿದ ಪಿನ್ ತೆಗೆದಿರಾ ಅಂತ ಮಾತ್ರ ಕವರ್ ಮುಚ್ಚುವ ಮೊದಲು ಎರಡೆರಡು ಸಲ ನೋಡಿ.

ಹಳೇ ಬೆಲ್ಟಿಗೂ ಪುಲ್ಲಿಗೂ ವೈಟ್ನರ್ ಗೀಟು ಹಾಕಿ, ಅದೇ ಹಲ್ಲಿಗೆ ಹೊಸದು ಹಾಕಿದ್ರೆ ಆಗಲ್ವಾ?

ಎರಡನೇ ಸಾಕ್ಷಿಯಾಗಿ ಒಳ್ಳೆಯದು, ಮೊದಲನೆಯದಾಗಿ ಅಲ್ಲ. ಹಳೆಯದು ತಪ್ಪಾಗಿ ಕೂತಿದ್ದರೆ ಆ ತಪ್ಪನ್ನೇ ನಕಲು ಮಾಡುತ್ತೀರಿ. ನನ್ನ 800ಕ್ಕೆ ಹಾಗೆ ಮಾಡಿದ್ದರೆ ಇವತ್ತಿಗೂ ಒಂದನೇ ಗೇರಿನಲ್ಲೇ ಘಾಟಿ ಹತ್ತುತ್ತಿದ್ದೆ.

ಡೀಸೆಲ್ಲಿಗೆ ಲಾಕಿಂಗ್ ಪಿನ್ ಬೇಕೇ ಬೇಕಾ?

ಪಿನ್ ಹಾಕಿ ಮಾಡುವಂತೆ ಕಟ್ಟಿದ ಇಂಜಿನ್ನಾದರೆ ಬೇಕೇ ಬೇಕು. ಸ್ವಿಫ್ಟಿನ 1.3, ಡಸ್ಟರಿನ 1.5 ಡೀಸೆಲ್‌ಗಳಲ್ಲಿ ಕ್ರ್ಯಾಂಕಿಗೂ ಕ್ಯಾಮಿಗೂ ಪಿನ್ ಹಾಕಿ ನಿಲ್ಲಿಸಿಯೇ ಕೆಲಸ. ಪಿನ್ ಬದಲು ಡ್ರಿಲ್ ಬಿಟ್ ತೂರಿಸಿ, ಅದನ್ನೇ ಆಧಾರ ಮಾಡಿಕೊಂಡು ಬೋಲ್ಟ್ ಬಿಚ್ಚುವುದು ಬೇಡ. ಪಿನ್ ಇರುವುದು ಜಾಗ ತೋರಿಸಲು, ಬಲ ತಡೆಯಲು ಅಲ್ಲ.

ಮಾರ್ಕ್ ಎಲ್ಲ ಸರಿ, ಆದ್ರೂ ಸ್ಟಾರ್ಟ್ ಆಗ್ತಿಲ್ಲ. ಕಾರ್ಬ್ಯುರೇಟರಿನಿಂದ ಢಬ್ ಅಂತಿದೆ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿದ್ದಿರಾ? ಹಳೇ 800ರಲ್ಲಿ ಅದು ಕ್ಯಾಮ್‌ನಿಂದಲೇ ತಿರುಗುತ್ತದೆ. ಮುಟ್ಟದಿದ್ದರೆ ಕ್ಯಾಮಿನ ಜೊತೆ ತಾನೇ ಸರಿಯಾಗಿರುತ್ತದೆ. ಬಿಚ್ಚಿ ತಿರುಗಾಮುರುಗಾ ಕೂರಿಸಿದ್ದರೆ ಕಿಡಿ ತಪ್ಪು ಸುತ್ತಿಗೆ ಬೀಳುತ್ತದೆ. ಪ್ಲಗ್ ವಯರ್‌ಗಳ ಸರದಿಯನ್ನೂ ನೋಡಿ, 800ರಲ್ಲಿ ಅದು 1–3–2. ಬೆಲ್ಟ್ ಮತ್ತೆ ಬಿಚ್ಚುವ ಮೊದಲು ಇವೆರಡು ನೋಡಿ.

ಹೊಸ ಗಾಡಿ, ಪಿ0016 ಅಂತ ಕೋಡ್ ಬರ್ತಿದೆ.

ಕ್ರ್ಯಾಂಕ್ ಸೆನ್ಸರ್ ಹೇಳುವುದಕ್ಕೂ ಕ್ಯಾಮ್ ಸೆನ್ಸರ್ ಹೇಳುವುದಕ್ಕೂ ತಾಳೆ ಇಲ್ಲ ಅಂತ ಅರ್ಥ. ಹಲ್ಲು ತಪ್ಪಿರಬಹುದು, ಚೈನ್ ಹಿಗ್ಗಿರಬಹುದು, ಕ್ಯಾಮ್ ಟೈಮಿಂಗ್ ಬದಲಿಸುವ ವಿವಿಟಿ ಪುಲ್ಲಿ ಸಿಕ್ಕಿಕೊಂಡಿರಬಹುದು, ಆ ಪುಲ್ಲಿಗೆ ಆಯಿಲ್ ಬಿಡುವ ವಾಲ್ವಿಗೆ ಕೊಳಕು ಆಯಿಲ್ ಕಟ್ಟಿರಬಹುದು. ಆಯಿಲ್ ಮಟ್ಟ ಮತ್ತು ಆಯಿಲ್ ಸ್ಥಿತಿಯಿಂದ ನೋಡಲು ಶುರು ಮಾಡಿ, ಅದಕ್ಕೆ ಖರ್ಚಿಲ್ಲ. ಸೆನ್ಸರ್ ಬದಲಿಸಿ ನೋಡೋಣ ಅಂತ ಮೊದಲೇ ದುಡ್ಡು ಹಾಕಬೇಡಿ.

ಬೆಲ್ಟ್ ಜೊತೆಗೆ ಏನೇನು ಬದಲಿಸಬೇಕು?

ಟೆನ್ಷನರ್ ಬೇರಿಂಗ್ ಖಂಡಿತ. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಬೇರಿಂಗ್ ಇದ್ದರೆ ಅದೂ. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್‌ಗಳಲ್ಲಿ ಒದ್ದೆ ಕಂಡರೂ ಬದಲಿಸಿ, ಆಯಿಲ್ ಬಿದ್ದರೆ ಹೊಸ ಬೆಲ್ಟೂ ಬೇಗ ಹಾಳಾಗುತ್ತದೆ. ಡಸ್ಟರ್ ಡೀಸೆಲ್ಲಿನಂತೆ ವಾಟರ್ ಪಂಪ್ ಇದೇ ಬೆಲ್ಟಿನಲ್ಲಿ ತಿರುಗುವುದಾದರೆ ಪಂಪೂ ಬದಲಿಸಿ. ಬೆಲ್ಟ್ ಎಷ್ಟು ಕಿಲೋಮೀಟರಿಗೆ ಅನ್ನುವುದನ್ನು ನಿಮ್ಮ ಗಾಡಿಯ ಪುಸ್ತಕದಲ್ಲೇ ನೋಡಿ. ಕಡಿಮೆ ಓಡುವ ಗಾಡಿಗೆ ವರ್ಷದ ಲೆಕ್ಕವೂ ಇರುತ್ತದೆ, ನಿಂತಲ್ಲೇ ರಬ್ಬರ್ ಒಣಗುತ್ತದೆ.

ನಾನೇ ಮಾಡಲ್ಲ, ಮೆಕ್ಯಾನಿಕ್ ಹತ್ರ ಮಾಡಿಸ್ತೀನಿ. ಏನು ಕೇಳಬೇಕು?

"ಅಣ್ಣ, ಕವರ್ ಮುಚ್ಚೋ ಮೊದಲು ನನಗೊಂದು ಫೋನ್ ಮಾಡಿ, ಮಾರ್ಕ್ ನೋಡಿಬಿಡ್ತೀನಿ" ಅನ್ನಿ. ಕೆಲಸ ಗೊತ್ತಿರುವವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಕರೆದು ತೋರಿಸುತ್ತಾರೆ. ಹೋದಾಗ ನಿಮ್ಮೆದುರಿಗೇ ಎರಡು ಸುತ್ತು ತಿರುಗಿಸಲು ಹೇಳಿ, ಮೇಲಿನ ಕೆಳಗಿನ ಎರಡೂ ಮಾರ್ಕಿನ ಫೋಟೋ ತೆಗೆದುಕೊಳ್ಳಿ. ಹಳೇ ಬೆಲ್ಟನ್ನು ವಾಪಸ್ ಕೇಳಿ. ತಾರೀಕು ಮತ್ತು ಕಿಲೋಮೀಟರನ್ನು ಪೇಂಟ್ ಪೆನ್ನಿನಲ್ಲಿ ಟೈಮಿಂಗ್ ಕವರ್ ಮೇಲೆಯೇ ಬರೆಸಿ. ಮುಂದೆ ಆ ಗಾಡಿ ಯಾರ ಕೈಗೆ ಹೋದರೂ ಅವರಿಗೆ ಅದು ಕಾಣುತ್ತದೆ.